ಮಗ್ಗ ನಿಂತ ಮಧ್ಯಾಹ್ನ

ಮಣ್ಣೆತ್ತಿನ ಅಮಾವಾಸ್ಯೆಯ ಮುಂಜಾನೆ. ಹಿಂದಿನ ದಿನ ಬಿದ್ದ ಮೊದಲ ದೊಡ್ಡ ಮಳೆಯ ನೀರು ಓಣಿಯ ತಗ್ಗುಗಳಲ್ಲಿ ಇನ್ನೂ ನಿಂತಿತ್ತು, ಬಿಸಿಲು ಆಗಷ್ಟೇ ಕಟ್ಟೆ ಏರಿತ್ತು. ಆ ಹೊತ್ತಿಗೆ ಬನಹಟ್ಟಿಯ ನೇಕಾರ ಮುರಗೆಪ್ಪನ ಮನೆಯಲ್ಲಿ ಇದು ಸುರುವಾಯಿತು. ಜಮಖಂಡಿ ಸಂಸ್ಥಾನ ಹೋಗಿ ಊರೆಲ್ಲ ಮುಂಬೈ ರಾಜ್ಯಕ್ಕೆ ಕೂಡಿ ಕೆಲವು ವರ್ಷವಾಗಿತ್ತು. ರಾಜ್ಯ ಯಾರದಾದರೂ ಓಣಿಯ ಕಟ್ಟಳೆ ಬದಲಾಗಿರಲಿಲ್ಲ. ಅಮಾವಾಸ್ಯೆಗೆ ಮಗ್ಗ ನಿಲ್ಲಬೇಕು, ಉಳಿದ ದಿನ ಹೊತ್ತು ಮೂಡುವ ಮುಂಚೆ ಹಿಡಿದ ಲಾಳಿ ಹೊತ್ತು ಮುಳುಗಿದ ಮೇಲೆಯೇ ಕೆಳಗಿಳಿಯಬೇಕು.

ಅಂದು ಮಗ್ಗ ನಿಂತಿತ್ತು. ಮುರಗೆಪ್ಪ ಕಟ್ಟೆಯ ಮೇಲೆ ಕುಳಿತು ಮೊಮ್ಮಗಳಿಗೆ ಮಣ್ಣಿನ ಎತ್ತು ಮಾಡಿಕೊಡುತ್ತಿದ್ದ. ಮೊಮ್ಮಗಳ ಹೆಸರು ತಂಗೆವ್ವ, ತೀರಿಹೋದ ಅವನ ಹೆಂಡತಿಯ ಹೆಸರೇ. ಮೂರು ತುಂಬಿ ನಾಲ್ಕರಲ್ಲಿ ಬಿದ್ದ ಕೂಸು. ಹಿರಿಯ ತಂಗೆವ್ವ ಬದುಕಿದ್ದಾಗ ಓಣಿಗೆಲ್ಲ ಸಾಲುವಷ್ಟು ಮಾತಾಡಿದವಳು. ಈ ಕಿರಿಯಳು ವಾರಗಟ್ಟಲೆ ತುಟಿ ಬಿಚ್ಚುತ್ತಿರಲಿಲ್ಲ. "ಮುದುಕಿ ಎಲ್ಲಾ ಮಾತು ತಾನ ತೀರಿಸಿ ಹೋಗ್ಯಾಳ, ಕೂಸಿಗೆ ಏನ ಉಳಿಸ್ಯಾಳ?" ಎಂದು ಓಣಿಯವರು ನಗುತ್ತಿದ್ದರು.

ಅಷ್ಟರಲ್ಲಿ ಪಕ್ಕದ ಮನೆಯ ಸೋಮವ್ವ ಕೆಂಡ ಕೇಳಲು ಬಂದಳು. ಕೂಸು ಎತ್ತಿನ ಕೋಡು ಕೈಯಲ್ಲಿ ಹಿಡಿದೇ ತಲೆಯೆತ್ತಿ, ಒಂದು ಕೈ ಸೊಂಟಕ್ಕೆ ಕೊಟ್ಟು, "ಸೋಮಿ, ನನ್ನ ಜರಡಿ ಯಾವಾಗ ಕೊಡ್ತಿಯೇ?" ಎಂದಿತು.

ಕೆಂಡಕ್ಕೆಂದು ಸೋಮವ್ವ ತಂದಿದ್ದ ಮಣ್ಣಿನ ಬೋಕಿ ಬಿದ್ದು ಒಡೆಯಿತು. ಹಿಟ್ಟಿನ ಜರಡಿಯೊಂದನ್ನು ಆಕೆ ಹಿರಿಯ ತಂಗೆವ್ವನಿಂದ ಇಸಿದುಕೊಂಡಿದ್ದು ಖರೆ, ಕೊಡದೇ ಉಳಿದದ್ದೂ ಖರೆ. ಊರಲ್ಲಿ ಆಕೆಯನ್ನು 'ಸೋಮಿ' ಎಂದು ಕರೆಯುತ್ತಿದ್ದವಳೂ ಅವಳೊಬ್ಬಳೇ.

"ಯವ್ವಾ ಇಂದ್ರವ್ವಾ! ನಿಮ್ಮತ್ತಿ ಬಂದಾಳಬೇ! ಅಮಾಸಿ ದಿನಾ ಕೂಸಿನ ಮೈಯಾಗ ಬಂದಾಳ!" ಎಂದು ಸೋಮವ್ವ ಬೊಬ್ಬೆ ಹೊಡೆದಳು.

ಒಳಗಿನಿಂದ ಕೂಸಿನ ತಾಯಿ ಇಂದ್ರವ್ವ ಓಡಿಬಂದಳು. ಬಂದವಳೇ ಮಗಳ ಬಾಯಿಯ ಮೇಲೆ ಕೈ ಒತ್ತಿದಳು. ಆಗ ಆಕೆಗೂ ಹೊಳೆಯಿತು: ಹೋದ ಅಮಾವಾಸ್ಯೆಗೂ ಕೂಸು ಮಾತಾಡಿತ್ತು. "ಹಗ್ಗಿಲ್ಲದ ಎಮ್ಮಿಗತೆ ಏನ ನಿಂತಿ, ಒಲಿ ನೋಡ" ಎಂದಿತ್ತು. ಅದೂ ಅತ್ತೆಯ ಮಾತೇ. ಅದರ ಹಿಂದಿನ ಅಮಾವಾಸ್ಯೆಗೂ ಏನೋ ಒಂದು ಅಂದಿತ್ತು. ನಡುವಿನ ದಿನಗಳಲ್ಲಿ ಒಂದು ಸೊಲ್ಲೂ ಇಲ್ಲ.

ಇಂದ್ರವ್ವ ಅಂದು ಸಂಜೆ ಗಂಡ ಗುರಪ್ಪನ ಮುಂದೆ ಪಟ್ಟುಹಿಡಿದಳು. ಹೊಳೆಯಾಚೆಯ ಹಳ್ಳಿಯಲ್ಲಿ ಗಾಳಿ ಬಿಡಿಸುವವನೊಬ್ಬನಿದ್ದ. ಹೊಗೆ ಹಾಕಿ, ಬೇವಿನ ಹಸಿ ತೊಪ್ಪಲಿನಿಂದ ಬಡಿಯುತ್ತಿದ್ದ. "ಬರೂ ನಾಗರ ಅಮಾಸಿಗೆ ನಮ್ಮಣ್ಣ ಅಮಸಿದ್ದಪ್ಪ ಗಾಡಿ ಹೂಡಕೊಂಡ ಬರ್ತಾನ. ಕೂಸಿನ್ನ ಕರಕೊಂಡ ಹೋಗೂದ. ನನಗ ನನ್ನ ಮಗಳು ಬೇಕು. ಅತ್ತಿ ಕೂಡ ಬಾಳೇಮಾಡಿ ಸಾಕಾಗೇತಿ ನನಗ, ಮತ್ತ ಹಡದ ಮಗಳ ಬಾಯಿಲೆ ಆಕಿ ಕಡಿಂದನ ಬೈಸಿಕೊಳ್ಳಲೇನು?"

ಗುರಪ್ಪ ತಂದೆಯ ಮುಖ ನೋಡಿದ. ಮುರಗೆಪ್ಪ ಮುಂಜಾನೆಯ ಮಣ್ಣೆತ್ತಿನ ಕೋಡು ತಿದ್ದುತ್ತ ಕುಳಿತ. ಹಸಿ ತೊಪ್ಪಲಿನ ಏಟು ಆ ಎಳೆ ಬೆನ್ನಿನ ಮೇಲೆ ಬೀಳುವುದು ಅವನಿಗೆ ಬೇಡವಾಗಿತ್ತು. ಆದರೆ ಅವನೊಳಗೆ ಇನ್ನೊಂದು ಗುಟ್ಟೂ ಇತ್ತು. ಅಮಾವಾಸ್ಯೆ ಬಂತೆಂದರೆ ಅವನಿಗೆ ಒಳಗೊಳಗೇ ಹಿಗ್ಗು. ತಿಂಗಳಿಗೊಮ್ಮೆಯಾದರೂ ಮನೆಯಲ್ಲಿ ಆ ಮಾತು ಕೇಳುತ್ತದಲ್ಲ, ಮುದುಕಿ ಬಂದು ಹೋಗುತ್ತಾಳಲ್ಲ ಎಂದು ಅವನೂ ಅರ್ಧ ನಂಬಿದ್ದ. ಬಿಡಿಸಬೇಕೆಂದರೂ ಸಂಕಟ, ಬಿಡಬೇಕೆಂದರೂ ಸಂಕಟ.

ಓಣಿಯ ತುದಿಯ ಮಠದ ಪಡಸಾಲೆಯಲ್ಲಿ ಆ ವರ್ಷ ಬಾಲವಾಡಿ ತೆಗೆದಿದ್ದರು. ಕಲಿಸುವವಳು ಜಮಖಂಡಿಯ ಹುಡುಗಿ, ಶುಭದಾ. ಮನೆಮಾತು ಮರಾಠಿ, ಓಣಿಯಲ್ಲಿ ಕನ್ನಡ. ಎಲ್ಲರೂ ಆಕೆಯನ್ನು ಅಕ್ಕೋರು ಎನ್ನುತ್ತಿದ್ದರು. ಮುರಗೆಪ್ಪ ದಿನಾ ಮುಂಜಾನೆ ಮಗ್ಗಕ್ಕಿಳಿಯುವ ಕೆಲಸವನ್ನು ಮಗನಿಗೆ ಬಿಟ್ಟು ಕೂಸನ್ನು ಹೆಗಲಮೇಲೆ ಹೊತ್ತು ಅಲ್ಲಿ ಬಿಟ್ಟುಬರುತ್ತಿದ್ದ. ಅಮಾವಾಸ್ಯೆ ಆದ ಮೇಲಿನ ವಾರ ಒಂದು ದಿನ ಬಿಟ್ಟುಬರದೆ ಬಾಗಿಲ ಬಳಿಯೇ ಕುಳಿತ.

ಕೂಸು ನೀರಿನ ಗಡಿಗೆಯ ಕಡೆ ಗದ್ದ ಎತ್ತಿ ತೋರಿಸಿತು. ಹತ್ತಿರವಿದ್ದ ಹುಡುಗಿಯೊಬ್ಬಳು, "ಅಕ್ಕೋರ, ಆಕಿಗಿ ನೀರ ಬೇಕಂತರಿ" ಎಂದಳು.

"ಹೌದೇನವಾ? ಆಕಿ ನನಗ ಹೇಳಲಿಕ್ಕತ್ತಾಳ, ನಾ ಆಕಿ ಮಾತು ಕೇಳ್ತೀನಿ, ನೀ ನಿನ್ನ ಮಣಿ ಪೋಣಸು" ಎಂದು ಶುಭದಾ ಕೂಸಿನ ಮುಂದೆ ಮಂಡಿಯೂರಿ, ಅದರ ಕಣ್ಣಿಗೆ ಕಣ್ಣು ಕೂಡಿಸಿ ಒಂದು ಗಳಿಗೆ ಸುಮ್ಮನೆ ಕಾದಳು. ಕೂಸು ಮತ್ತೆ ಗಡಿಗೆಯ ಕಡೆ ಗದ್ದ ಎತ್ತಿತು. "ನೀರು ಬೇಕೇನು? ಗಡಿಗ್ಯಾಗಿನ ನೀರು. ತಣ್ಣಂದು ಅದ. ತಗೋ, ಗುಟುಕು, ಗುಟುಕು, ಗುಟುಕು" ಎನ್ನುತ್ತ ಕುಡಿಸಿದಳು.

ಮುರಗೆಪ್ಪನಿಗೆ ತಡೆಯಲಾಗಲಿಲ್ಲ. "ಅಕ್ಕೋರ, ಹಂಗ್ಯಾಕ ಕೊಟ್ರಿ? 'ನೀರು' ಅಂತ ಅನ್ನಿಸಿ ಕೊಡಬೇಕಿಲ್ಲರಿ?"

"ಕೊಡೂದಿಲ್ಲ ಅಂದ್ರ ಆಕಿಗೆ ಬಾಯಾರಿಕೆ ಆದೀತು ಅಜ್ಜಾರ, ಮಾತು ಬರೂದಿಲ್ಲ. ಹರವಿ ತುಂಬದ ತುಳಕತದೇನು? ಮೊದಲ ಕಿವಿ ತುಂಬಬೇಕು. ಮನ್ಯಾಗ ಆಕಿ ಕೂಡ ಯಾರು ಮಾತಾಡ್ತೀರಿ?"

ಮುರಗೆಪ್ಪ ತಲೆ ಕೆರೆದುಕೊಂಡ. ಈ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ. "ಮಾತ... ಎಲ್ಲಾರೂ ಮನ್ಯಾಗ ಇರ್ತೀವಲ್ಲರಿ" ಎಂದ.

ಮರುದಿನ ಬಾಲವಾಡಿ ಬಿಟ್ಟ ಮೇಲೆ ಶುಭದಾ ಅವರ ಮನೆಗೆ ಬಂದಳು. ಒಳಗೆ ಎರಡು ಕುಣಿಮಗ್ಗ. ಒಂದರಲ್ಲಿ ಮುರಗೆಪ್ಪ, ಇನ್ನೊಂದರಲ್ಲಿ ಗುರಪ್ಪ, ನೆಲದ ಕುಣಿಯೊಳಗೆ ಕಾಲು ಬಿಟ್ಟು ಕುಳಿತು ನೇಯುತ್ತಿದ್ದರು. ಲಾಳಿ ಆ ಕಡೆ ಬಡಿದರೆ ಖಟಕ್, ಈ ಕಡೆ ಬಡಿದರೆ ಪಟಕ್. ಮೂಲೆಯಲ್ಲಿ ಇಂದ್ರವ್ವ ರಾಟಿ ತಿರುಗಿಸುತ್ತ ಲಾಳಿಯೊಳಗೆ ಕೂಡಿಸುವ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಗೋಡೆಯಾಚೆ ಸೋಮವ್ವನ ಗಂಡನ ಮಗ್ಗ.

"ಕೂಸಿನ ಬಗ್ಗೆ ಮಾತಾಡಬೇಕಿತ್ತರಿ!" ಎಂದು ಶುಭದಾ ಕೂಗಿದಳು.

ಇಂದ್ರವ್ವ ನಕ್ಕು, ಅಂಗೈಯನ್ನು ಎರಡು ಸಲ ಕೆಳಗೆ ತೂಗಿದಳು. ಕುಳಿತುಕೊಳ್ಳಿ ಎಂದರ್ಥ. ಹೆಬ್ಬೆರಳನ್ನು ತುಟಿಗೆ ತಾಗಿಸಿದಳು. ಚಹಾ ಕುಡೀತೀರೇನು? ಗುರಪ್ಪ ಎರಡು ಬೆರಳು ಎತ್ತಿದ. ತಕ್ಷಣ ಕೂಸು ಎದ್ದು ಬುಟ್ಟಿಯಿಂದ ಎರಡು ಕಂಡಿಕೆ ಆರಿಸಿ ತಂದೆಗೆ ಕೊಟ್ಟಿತು. ಮುರಗೆಪ್ಪ ಹುಬ್ಬು ಹಾರಿಸಿದ. ಕೂಸು ಸುಣ್ಣದ ಡಬ್ಬಿ ತಂದು ಅವನ ಪಕ್ಕದಲ್ಲಿಟ್ಟಿತು. ತಾನು ಮೂಗಿನ ಮೇಲೆ ಬೆರಳಿಟ್ಟು ತಾಯಿಗೆ ಏನೋ ತೋರಿಸಿತು. ಒಲೆಯ ಮೇಲಿನ ಹಾಲು ಉಕ್ಕುವುದರಲ್ಲಿತ್ತು, ಇಂದ್ರವ್ವ ಓಡಿದಳು.

ಶುಭದಾ ಬಾಯಿಗೆ ಸೆರಗು ಅಡ್ಡ ಹಿಡಿದು ನಗತೊಡಗಿದಳು. ಮುರಗೆಪ್ಪನನ್ನು ಕೈಸನ್ನೆ ಮಾಡಿಯೇ ಅಂಗಳಕ್ಕೆ ಕರೆದಳು.

"ಅಗ ಬಾಯಿ!" ಎಂದು ತನ್ನ ಮರಾಠಿಯಲ್ಲಿ ಬೆರಗಾದಳು. "ಅಜ್ಜಾರ, ಕೂಸು ಮೂಕಿ ಅಂತ ಯಾರು ಅಂದ್ರು? ನಿಮ್ಮ ಮನಿ ಮಾತು ಎಷ್ಟು ಚೆಂದ ಕಲ್ತಾಳ! ನೀವು ಬಾಯಿಲೆ ಆಡಿದ್ರ ಬಾಯಿಲೆ ಕಲೀತಿದ್ಲು. ಕೈಲೆ ಆಡ್ತೀರಿ, ಕೈಲೆ ಕಲ್ತಾಳ."

"ಮಗ್ಗದ ಸಪ್ಪಳದಾಗ ಮತ್ತ ಹೆಂಗ ಮಾತಾಡೂದರಿ?"

"ಮಗ್ಗ ನಿಂತಾಗ?"

"ಹೊತ್ತ ಮುಳುಗಿ ನಾವು ಕುಣಿಯಿಂದ ಏಳೂದ್ರಾಗ ಆಕಿ ನಿದ್ದಿ ಹೊಡೀತಿರ್ತಾಳ್ರಿ. ಅಮಾಸಿಗೊಮ್ಮೆ ನಿಲ್ಲತೈತಿ. ಅವತ್ತ..." ಮುರಗೆಪ್ಪ ದನಿ ತಗ್ಗಿಸಿದ. ಅಮಾವಾಸ್ಯೆಯ ಮಾತು, ಜರಡಿಯ ಮಾತು, ಎಮ್ಮೆಯ ಮಾತು, ನಾಗರ ಅಮಾವಾಸ್ಯೆಗೆ ಬರುವ ಗಾಡಿ, ಎಲ್ಲ ಹೇಳಿದ. ಮುದುಕಿ ಬರುತ್ತಾಳೆಂದು ತನಗೂ ಒಂದು ಆಸೆ ಎಂಬುದನ್ನು ಮಾತ್ರ ನುಂಗಿಕೊಂಡ.

ಶುಭದಾ ನಗಲಿಲ್ಲ. ಬಹಳ ಮೆಲ್ಲಗೆ ಕೇಳಿದಳು: "ಅಮಾವಾಸ್ಯೆ ದಿನ ಕೂಸಿನ್ನ ಕೂಡಿಸಿಕೊಂಡು ನೀವು ಏನು ಮಾತಾಡ್ತೀರಿ, ಅಜ್ಜಾರ?"

ಮುರಗೆಪ್ಪ ಒಂದೊಂದೇ ಅಮಾವಾಸ್ಯೆಯನ್ನು ನೆನೆದ. ಏನು ಮಾತಾಡುತ್ತಿದ್ದ? ಮುದುಕಿಯ ಮಾತೇ. 'ನಿಮ್ಮಜ್ಜಿ ಹಿಂಗ ನಡದ ಮ್ಯಾಲ ಕೈ ಇಡತಿದ್ಲು, ಸೋಮಿ ಜರಡಿ ಯಾವಾಗ ಕೊಡ್ತಿಯೇ ಅಂತಿದ್ಲು, ನಿಮ್ಮವ್ವಗ ಹಗ್ಗಿಲ್ಲದ ಎಮ್ಮಿ ಅಂತಿದ್ಲು.' ತಿಂಗಳೆಲ್ಲ ಎದೆಯಲ್ಲಿ ಕೂಡಿಟ್ಟದ್ದನ್ನು ಆ ಒಂದು ದಿನ ಕೂಸಿನ ಮುಂದೆ ಸುರಿಯುತ್ತಿದ್ದ, ಕೈ ಸೊಂಟದ ಮೇಲೆ ಇಟ್ಟು ತೋರಿಸಿಯೂ ತೋರಿಸುತ್ತಿದ್ದ. ಮನೆಯಲ್ಲಿ ಕೂಸಿನ ಕಿವಿಗೆ ಬಿದ್ದ ಮಾತೆಲ್ಲ ಅಷ್ಟೇ. ಬಾಯಿಂದ ಬಂದದ್ದೂ ಅದೇ.

ಅವನು ಕಟ್ಟೆಯ ಮೇಲೆ ಕುಳಿತ. ನಗು ಬಂತು, ಅದರ ಬೆನ್ನಿಗೇ ಕಣ್ಣೂ ತುಂಬಿದವು. "ಹಂಗಾರ ಆಕಿ ಬರಲಿಲ್ಲ ಅನ್ನರಿ" ಎಂದ.

ಯಾರು ಎಂದು ಶುಭದಾ ಕೇಳಲಿಲ್ಲ. ಅವನ ಪಕ್ಕದಲ್ಲಿ ಕುಳಿತು, "ದಿನಾ ಒಂದಿಷ್ಟು ಹೊತ್ತು ಮಗ್ಗ ನಿಲ್ಲಸ್ರಿ" ಎಂದಳು. "'ಇದನ್ನ ಅನ್ನು, ಅದನ್ನ ಅನ್ನು' ಅಂತ ಪರೀಕ್ಷಾ ತಗೋಬ್ಯಾಡ್ರಿ. ಆಕಿ ಏನು ನೋಡ್ತಾಳ, ಅದರ ಮಾತಾಡ್ರಿ. ಆಮ್ಯಾಲೆ ಸುಮ್ಮನಾಗಿ ಕಾಯ್ರಿ. ನೀವು ಸುಮ್ಮನಾದ್ರನ ಆಕಿಗೆ ಜಾಗಾ ಸಿಗ್ತದ."

"ನಡುದಿನಾ ಮಗ್ಗ ನಿಲ್ಲಸೂದ? ಅಕ್ಕೋರ, ನಮ್ಮಲ್ಲಿ ಮನ್ಯಾಗ ಹೆಣ ಬಿದ್ದರ ಅಷ್ಟ ನಿಲ್ಲಸ್ತೀವ್ರಿ!"

ಮಾತು ಅಲ್ಲಿಗೇ ನಿಂತಿತು. ಇಂದ್ರವ್ವನಿಗೆ ಹೇಳಿದರೆ, "ಮಾವಾರ, ನೀವು ಅಂದದ್ದ ಆಕಿ ಅಂದ್ಲು ಅಂತ ಹೆಂಗ ನಂಬಲಿ? ಬ್ಯಾರೆ ದಿನಾ, ಬ್ಯಾರೆ ಮಾತು ಆಡಿ ತೋರಸಲಿ, ಗಾಡಿ ಹೊಳ್ಳಿ ಕಳಸ್ತೀನಿ" ಎಂದಳು. ಆಕೆಯ ಮಾತಿನಲ್ಲಿ ಸಿಟ್ಟಿರಲಿಲ್ಲ. ಅದು ಹಡೆದವಳ ಹೆದರಿಕೆ. ಮುರಗೆಪ್ಪ ಮಗ್ಗಕ್ಕೆ ಕುಳಿತಾಗಲೆಲ್ಲ ಆ ಮಾತು ಲಾಳಿಯಂತೆ ಅವನೊಳಗೆ ಆ ಕಡೆಯಿಂದ ಈ ಕಡೆಗೆ ಓಡಾಡಿತು. ಅವನಪ್ಪ, ಅಪ್ಪನ ಅಪ್ಪ, ಯಾರೂ ನಡುದಿನ ಮಗ್ಗ ನಿಲ್ಲಿಸಿದವರಲ್ಲ. ಆಷಾಢದ ಗಾಳಿ ಬೀಸಿತು, ದಿನಗಳು ಸರಿದವು. ನಾಗರ ಅಮಾವಾಸ್ಯೆ ಇನ್ನೊಂದು ವಾರ ಎನ್ನುವಾಗ, ಒಂದು ಮಧ್ಯಾಹ್ನ, ತನ್ನ ಪಾಳಿಗೆ ರೊಟ್ಟಿ ಉಂಡು ಮಗ್ಗಕ್ಕಿಳಿದವನು ಲಾಳಿ ಹಿಡಿದು ಹಾಗೇ ಕುಳಿತ. ಕೂಸು ಎದುರಿಗೆ ಕುಳಿತು ಸೂರಿನ ಕಡೆ ನೋಡುತ್ತಿತ್ತು. ಮುರಗೆಪ್ಪ ಲಾಳಿ ಕೆಳಗಿಟ್ಟು ಕುಣಿಯಿಂದ ಮೇಲೆದ್ದ. ಗುರಪ್ಪನಿಗೆ ಕೈಯೆತ್ತಿ ತೋರಿಸಿದ. ಗುರಪ್ಪನ ಮಗ್ಗವೂ ನಿಂತಿತು. ಇಂದ್ರವ್ವನ ರಾಟಿಯೂ ನಿಂತಿತು.

ಮನೆಯೊಳಗೆ ಹೊಸದೊಂದು ಸದ್ದು ಕೇಳಿಸಿತು. ಗುಬ್ಬಿಗಳ ಚಿಲಿಪಿಲಿ. ಸೂರಿನ ತೊಲೆಯ ಸಂದಿಯಲ್ಲಿ ಗುಬ್ಬಿಯೊಂದು ಗೂಡು ಕಟ್ಟುತ್ತಿತ್ತು, ನೆಲದ ಮೇಲೆ ಬಿದ್ದ ತುಂಡು ನೂಲನ್ನು ಕೊಕ್ಕಿನಲ್ಲಿ ಎತ್ತಿಕೊಂಡು ಹೋಗುತ್ತಿತ್ತು. ಕೂಸಿನ ಕಣ್ಣೂ ಅದರ ಹಿಂದೆಯೇ ಹೋಗುತ್ತಿತ್ತು.

ಮುರಗೆಪ್ಪ ಕೂಸಿನ ಪಕ್ಕ ಕುಳಿತ. ಮುದುಕಿಯ ಮಾತು ನಾಲಗೆಯ ತುದಿಗೆ ಬಂದದ್ದನ್ನು ಹಿಂದಕ್ಕೆ ನೂಕಿದ. "ಗುಬ್ಬಿ ಬಂತು" ಎಂದ. "ಕೆಂಪ ನೂಲ ಕಚ್ಚಿತು. ಹಾರಿತು. ಮ್ಯಾಲ ಹೋತು. ಗೂಡ ಕಟ್ಟಾಕತ್ತೈತಿ." ಅಷ್ಟು ಹೇಳಿ ಸುಮ್ಮನಾದ.

ಕಾಯುವುದು ನೇಕಾರನಿಗೆ ಹೊಸದಲ್ಲ. ಆದರೆ ಕೈಗೆ ಕೆಲಸವಿಲ್ಲದೆ ಕಾಯುವುದು ಅವನಿಗೆ ಗೊತ್ತಿರಲಿಲ್ಲ. ಎರಡೂ ಕೈಯನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡ. ಗುಬ್ಬಿ ಮತ್ತೆ ಇಳಿಯಿತು. ಇಂದ್ರವ್ವ ಮೂಲೆಯಲ್ಲೇ ಕುಳಿತು ನೋಡುತ್ತಿದ್ದಳು. ಕೂಸು ಅಜ್ಜನ ತುಟಿ ನೋಡಿತು, ಗುಬ್ಬಿಯನ್ನು ನೋಡಿತು, ಮತ್ತೆ ಅಜ್ಜನ ತುಟಿ ನೋಡಿತು.

"ಕರೀದು," ಎಂದಿತು ಕೂಸು. ಗುಬ್ಬಿ ಈ ಸಲ ಕಪ್ಪು ನೂಲು ಎತ್ತಿತ್ತು.

"ಹೌದ ಯವ್ವಾ, ಕರಿ ನೂಲ ಒಯ್ತು" ಎಂದ ಮುರಗೆಪ್ಪ.

ಹೊರಗೆ ಏನಾಗುತ್ತಿದೆಯೆಂದು ಮನೆಯೊಳಗಿನವರಿಗೆ ತಿಳಿಯಲಿಲ್ಲ. ಗೋಡೆಯಾಚೆ ಸೋಮವ್ವನ ಗಂಡ ಕಿವಿಗೊಟ್ಟ. ಮುರಗೆಪ್ಪನ ಎರಡೂ ಮಗ್ಗ ನಿಂತಿವೆ! ಅವನೂ ಲಾಳಿ ಇಳಿಸಿದ. ಅವನದು ನಿಂತದ್ದು ಕೇಳಿ ಅದರಾಚೆಯ ಜಕ್ಕಪ್ಪ ನಿಲ್ಲಿಸಿದ, ಜಕ್ಕಪ್ಪನದು ಕೇಳಿ ಶಿದ್ರಾಮಪ್ಪ. ಹೀಗೆ ಒಂದೊಂದಾಗಿ ಓಣಿಯ ಮಗ್ಗಗಳೆಲ್ಲ ಬಾಯಿ ಮುಚ್ಚಿದವು. ಹೆಣ ಎತ್ತುವ ತನಕ ಓಣಿಯಲ್ಲಿ ಯಾರೂ ನೇಯಬಾರದೆಂಬುದು ಹಳೆಯ ಕಟ್ಟಳೆ. ಗಂಡಸರು ತಲೆಗೆ ವಸ್ತ್ರ ಸುತ್ತಿಕೊಂಡು, ಹೆಂಗಸರು ಸೆರಗು ಬಾಯಿಗೆ ಹಿಡಿದುಕೊಂಡು ಮುರಗೆಪ್ಪನ ಮನೆಯತ್ತ ಹೊರಟರು. ಮುಂದೆ ಸೋಮವ್ವ. ಹೊಸ್ತಿಲು ಮುಟ್ಟುವ ಮೊದಲೇ ಆಕೆ ಹಾಡಿ ಅಳತೊಡಗಿದಳು.

"ಹೋದೆಲ್ಲೋ ನನ್ನಣ್ಣಾ ಮುರಗೆಪ್ಪಣ್ಣಾ! ಒಂದಿನಾ ಒಬ್ಬರಿಗೆ ಎದರ ಮಾತಾಡಿದಾಂವ ಅಲ್ಲೋ! ನಿನ್ನಂಗ ಸೀರಿ ದಡಿ ನೇಯಾಂವ ಇನ್ನ ಯಾರೋ! ತಂಗೆವ್ವಕ್ಕನ ಜರಡಿ ಇವತ್ತ ಕೊಡ್ತೀನಿ ನಾಳಿ ಕೊಡ್ತೀನಿ ಅನ್ನೂದ್ರಾಗ ನೀನೂ ಹೋದೆಲ್ಲೋ ನನ್ನಣ್ಣಾ!"

ಮುರಗೆಪ್ಪ ತನ್ನ ಗುಣಗಾನ ಕೇಳುತ್ತ ಕಣ್ಣು ಪಿಳುಕಿಸಿದ. ಎದ್ದು ಬಾಗಿಲಿಗೆ ಹೋಗಬೇಕೆನ್ನುವಷ್ಟರಲ್ಲಿ ಕೂಸು ಅವನಿಗಿಂತ ಮೊದಲೇ ಹೊಸ್ತಿಲ ಮೇಲೆ ನಿಂತಿತ್ತು. ಓಣಿಗೆ ಓಣಿಯೇ ಎದುರಿಗೆ. ಒಂದೂ ಮಗ್ಗದ ಸಪ್ಪಳವಿಲ್ಲ.

"ಅಳಬ್ಯಾಡ," ಎಂದಿತು ಕೂಸು, ಸೋಮವ್ವನ ಮುಖ ನೋಡಿ. "ಅಜ್ಜ ಇಲ್ಲೇ ಅದಾನ. ನೀ ಅತ್ತರ ಗುಬ್ಬಿ ಹೆದರತೈತಿ."

ಸೋಮವ್ವನ ಅಳು ಅರ್ಧಕ್ಕೇ ನಿಂತಿತು. ಹಿಂದಿನಿಂದ ಮುರಗೆಪ್ಪ ಬಂದು ನಿಂತದ್ದನ್ನು ಕಂಡು ಆಕೆ, "ಅಯ್ಯ ಶಿವನ! ಬದುಕ್ಯಾನ!" ಎಂದಳು, ಸ್ವಲ್ಪ ಸಿಟ್ಟಿನಿಂದಲೇ. "ಬದುಕಿದ್ದಾಂವ ಮಗ್ಗ ಯಾಕ ನಿಲ್ಲಸ್ದಿ?"

"ಮೊಮ್ಮಗಳ ಕೂಡ ಮಾತಾಡಬೇಕಿತ್ತವಾ," ಎಂದ ಮುರಗೆಪ್ಪ. "ನೀ ಮಾತ್ರ ಛಲೋ ಹಾಡಿದಿ ನೋಡ. ಖರೆ ಸತ್ತಾಗೂ ಇಷ್ಟ ಛಲೋ ಹಾಡ, ಆದರ ಅಷ್ಟರಾಗ ಜರಡಿ ತಂದಕೊಡ."

ಓಣಿಯೆಲ್ಲ ಹೋ ಎಂದು ನಕ್ಕಿತು. ಜಕ್ಕಪ್ಪ ತಲೆಯ ವಸ್ತ್ರ ಬಿಚ್ಚಿ ಹೆಗಲಿಗೆ ಹಾಕಿಕೊಂಡು, "ಹೆಣ ಹೊರಾಕ ಬಂದೀವಿ, ಸುಮ್ಮನ ಹೆಂಗ ಹೋಗೂದು? ಚಹಾನರ ಕುಡಸು" ಎಂದ.

ಆದರೆ ಇಂದ್ರವ್ವ ನಗಲಿಲ್ಲ. ಆಕೆ ಮಗಳ ಮುಂದೆ ಕುಳಿತು, ಎರಡೂ ಕೈಯಿಂದ ಅದರ ಗಲ್ಲ ಹಿಡಿದಳು. "ಮಾವಾರ," ಎಂದಳು, "ಅತ್ತಿ ಗುಬ್ಬಿ ಕಂಡ್ರ ಏನ ಮಾಡತಿದ್ಲರಿ?"

"ಬಡಿಗಿ ತಗೋತಿದ್ಲು," ಎಂದ ಮುರಗೆಪ್ಪ. "ನೂಲ ಕದೀತಾವ ಅಂತ ಗೂಡ ಕಿತ್ತ ಒಗೀತಿದ್ಲು."

"ಗುಬ್ಬಿ ಹೆದರತೈತಿ ಅಂತ ಆಕಿ ಸತ್ತರೂ ಅಂತಿದ್ದಿಲ್ಲ!" ಎಂದು ಇಂದ್ರವ್ವ ಕೂಸನ್ನು ಎದೆಗೆ ಅವುಚಿಕೊಂಡಳು. "ಇದು ನನ್ನ ಮಗಳ ಮಾತರಿ. ನನ್ನ ಮಗಳದ!" ಅಮಾವಾಸ್ಯೆಯಂದು ಬಾಯಿ ಮುಚ್ಚಿದ್ದ ಆ ಕೈಯಿಂದಲೇ ಕೂಸಿನ ಬಾಯಿ ಒರೆಸಿ ಒರೆಸಿ ಮುದ್ದಿಟ್ಟಳು. ಮುರಗೆಪ್ಪ ಅವರಿಬ್ಬರನ್ನೂ ನೋಡಿದ. ಮುದುಕಿ ಅಮಾವಾಸ್ಯೆಗೆ ಬರುವುದಿಲ್ಲ ಎಂಬುದು ಅವನಿಗೆ ಅಂದು ಖಾತ್ರಿಯಾಯಿತು. ಆದರೂ ಅವನ ಎದೆ ಭಾರವಾಗಲಿಲ್ಲ. ಅವಳು ಹೋದ ಮನೆಯಲ್ಲಿ ಮಾತು ಹುಟ್ಟಿತ್ತು.

ನಾಗರ ಅಮಾವಾಸ್ಯೆಗೆ ಅಮಸಿದ್ದಪ್ಪ ಗಾಡಿ ಹೂಡಿಕೊಂಡು ಬಂದೇ ಬಂದ. ಬಂದವನನ್ನು ಕೂಸು, "ಮಾವಾ, ನಿನ್ನ ಎತ್ತ ಯಾಕ ಜೊಲ್ಲ ಸುರಸಾಕತ್ತೈತಿ?" ಎಂದು ಕೇಳಿತು. ಅವನು ಉತ್ತರ ಹೇಳಿ, ಆ ಉತ್ತರದ ಮೇಲಿನ ಪ್ರಶ್ನೆಗೂ ಉತ್ತರ ಹೇಳಿ, ಸಂಜೆಯ ಹೊತ್ತಿಗೆ ಸುಸ್ತಾದ. "ತಂಗೀ, ಗಾಳಿ ಬಿಡಿಸಾಕ ಅಂತ ಕರಸಿದ್ದಿ. ಈಗ ಮಾತ ನಿಲ್ಲಸಾಕ ಎಲ್ಲಿಗಿ ಒಯ್ಯಲಿ?" ಎಂದು ನಗುತ್ತ ಬರಿಗಾಡಿ ಹೊಡೆದುಕೊಂಡು ಹೋದ.

ಅಂದಿನಿಂದ ಮುರಗೆಪ್ಪ ದಿನಾ ಮಧ್ಯಾಹ್ನ ಉಂಡ ಮೇಲೆ ಒಂದು ಎಲೆ ಅಡಿಕೆ ಮೆಲ್ಲುವಷ್ಟು ಹೊತ್ತು ಮಗ್ಗ ನಿಲ್ಲಿಸಿದ. ಮೊದಮೊದಲು ಓಣಿಯವರು ನಕ್ಕರು. ಆಮೇಲೆ ಜಕ್ಕಪ್ಪನ ಸೊಸೆ ತನ್ನ ಮಗುವನ್ನೂ ಅಂಗಳಕ್ಕೆ ತಂದು ಬಿಟ್ಟಳು. ಬಳಿಕ ಶಿದ್ರಾಮಪ್ಪ ತನ್ನ ಮಗ್ಗವನ್ನೂ ನಿಲ್ಲಿಸಿದ, ಅವನಿಗೆ ಬರುತ್ತಿದ್ದ ಒಗಟುಗಳನ್ನು ಕೇಳುವವರು ಎಷ್ಟೋ ವರ್ಷದಿಂದ ಸಿಕ್ಕಿರಲಿಲ್ಲ. ಸೋಮವ್ವ ಜರಡಿ ತಂದುಕೊಟ್ಟಳು, ಕೊಟ್ಟವಳು ಅಲ್ಲೇ ಕುಳಿತು ಮಕ್ಕಳಿಗೆ ಕೈಬೆರಳು ಮಡಿಸುವ ಹಾಡು ಹೇಳಿಕೊಟ್ಟಳು. ಅಳುವ ಹಾಡಿಗಿಂತ ಅದು ಆಕೆಗೆ ಚೆನ್ನಾಗಿ ಬರುತ್ತಿತ್ತು. ಓಣಿಯ ಮಧ್ಯಾಹ್ನ ದಿನಾ ಒಂದಿಷ್ಟು ಹೊತ್ತು ಅಮಾವಾಸ್ಯೆಯಾಯಿತು.

"ಅಜ್ಜಾರ, ನಿಮ್ಮಿಂದ ಭಾಳ ತ್ರಾಸ ಆಗೇದ" ಎಂದು ಶುಭದಾ ಒಂದು ದಿನ ಬಾಲವಾಡಿಯ ಬಾಗಿಲಲ್ಲಿ ದೂರಿದಳು. "ಮೊದಲ ನಾ ಮಾತಾಡ್ತಿದ್ದೆ, ಇವ್ರು ಕೇಳ್ತಿದ್ರು. ಈಗ ನನಗ ಪಾಳಿನ ಬರವಲ್ತು." ಕೈಯಲ್ಲಿ ಮಣಿ ಹಿಡಿದ ತಂಗೆವ್ವ ಅಲ್ಲಿಂದಲೇ, "ಅಕ್ಕೋರ, ನೀವು ಹೇಳ್ರಿ, ನಾ ಕಾಯ್ತೀನಿ" ಎಂದಳು. ಹಾಗೆಂದು ಮಂಡಿಯೂರಿ, ಆಕೆಯ ಕಣ್ಣಿಗೆ ಕಣ್ಣು ಕೂಡಿಸಿ ನಿಜವಾಗಿಯೂ ಕಾದಳು.

ಮರುವರ್ಷ ಮುಧೋಳದಲ್ಲಿ ಹೊಸ ಬಾಲವಾಡಿ ತೆಗೆದರು, ಶುಭದಾ ಅಲ್ಲಿಗೆ ಹೋಗಬೇಕಾಯಿತು. ಹೊರಡುವ ದಿನ ಓಣಿಯ ಮಗ್ಗಗಳು ಮುಂಜಾನೆಯೇ ನಿಂತವು. ಯಾರು ಸತ್ತರು ಎಂದು ಯಾರೂ ಕೇಳಲಿಲ್ಲ. ಮುರಗೆಪ್ಪ ತಾನೇ ನೇಯ್ದ, ರವಿಕೆಗೆ ಹೊಲಿಸುವ ಕೆಂಪು ದಡಿಯ ಕಪ್ಪು ಕುಬಸದ ಕಣವನ್ನು ಆಕೆಯ ಕೈಯಲ್ಲಿಟ್ಟ, ಇಂದ್ರವ್ವ ಉಡಿ ತುಂಬಿದಳು. ಬಸ್ಸು ಬರುವ ತನಕ ತಂಗೆವ್ವ ಒಂದೇ ಸಮನೆ ಮಾತಾಡಿದಳು: ಗುಬ್ಬಿ ಮರಿ ಮಾಡಿದ್ದು, ಮರಿಗೆ ರೆಕ್ಕೆ ಬಂದದ್ದು, ಸೋಮವ್ವಾಯಿ ಜರಡಿಯನ್ನು ಮತ್ತೆ ಇಸಿದುಕೊಂಡು ಹೋದದ್ದು. ಬಸ್ಸು ಹೊರಟ ಮೇಲೆ ಕೈ ಬೀಸುವುದನ್ನು ಮರೆತು, "ಅಕ್ಕೋರ, ಉಳದದ್ದು ಬಂದಾಗ ಹೇಳ್ತೀನಿ!" ಎಂದು ಕೂಗಿದಳು.

ಶುಭದಾ ಅಕ್ಕೋರು ಬನಹಟ್ಟಿ ಬಿಟ್ಟದ್ದು ಯುಗಾದಿಯಾದ ಮೇಲಿನ ಗುರುವಾರ. ಅಮಾವಾಸ್ಯೆ ಇನ್ನೂ ದೂರವಿತ್ತು, ಆದರೂ ಅಂದು ಓಣಿಯಲ್ಲಿ ಒಂದೂ ಲಾಳಿ ಓಡುತ್ತಿರಲಿಲ್ಲ.